ಮಳೆ ಬಿಡುವಿನ ಚೆನ್ನೆಮಣೆ

"ಎಲ್ಲರೂ ಬಾಯಿಗೆ ಬೆರಳು ಇಡಿ," ಎಂದು ಹೆಡ್‌ಟೀಚರ್ ಸುಭಾಷಿಣಿ ಮೂರನೆಯ ಸಲ ಹೇಳುವಷ್ಟರಲ್ಲಿ ಮಳೆ ಇನ್ನೂ ಜೋರಾಯಿತು. ಉದ್ಯಾವರದ ಇಗರ್ಜಿಯಲ್ಲಿ ಪೂಜೆ ಮುಗಿದು, ಬರ್ತಾ ಟೀಚರ್ ಅವರ ಶವಪೆಟ್ಟಿಗೆ ಎತ್ತಬೇಕೆನ್ನುವಾಗಲೇ ಸುರಿಯತೊಡಗಿತ್ತು. ಸ್ವಲ್ಪ ಕಾಯೋಣ ಎಂದರು ಪಾದ್ರಿಗಳು. ಶಾಲೆಯಿಂದ ಬಂದ ಮೂವತ್ತು ಮಕ್ಕಳನ್ನು ಪಕ್ಕದ ಸಭಾಂಗಣದಲ್ಲಿ ಕೂರಿಸಿದ್ದಾಯಿತು. ಬೆರಳೇನೋ ಬಾಯಿಯ ಮೇಲಿತ್ತು, ಕಾಲುಗಳು ಮಾತ್ರ ಯಾರ ಮಾತೂ ಕೇಳುತ್ತಿರಲಿಲ್ಲ.

ಬರ್ತಾ ಟೀಚರ್ ಅವರ ತಮ್ಮ ಸ್ಟೀವನ್ ಏಳೇಳು ಗುಳಿಗಳ ಎರಡು ಸಾಲಿದ್ದ ಒಂದು ಚೆನ್ನೆಮಣೆಯನ್ನೂ ಬಿಸ್ಕತ್ತಿನ ಡಬ್ಬಿಯನ್ನೂ ತಂದಿಟ್ಟ. ಡಬ್ಬಿಯ ತುಂಬ ಆಟದ ಕಾಯಿಗಳು, ಮಂಜೊಟ್ಟಿ ಮರದ ಕೆಂಪು ಬೀಜಗಳು.

"ಶಾಲೆಗೆ ಕೊಡ್ಲಿಕ್ಕೆ ಹೇಳಿದ್ದಳು ಅಕ್ಕ. ಮಕ್ಕಳು ಆಡುವಾಗ ಕಾಯಿ ಕಳೀತಾರೆ ಅಂತ ವರ್ಷ ವರ್ಷ ಹೆಕ್ಕಿ ಇಡ್ತಿದ್ದಳು."

ಸುಭಾಷಿಣಿ ಡಬ್ಬಿಯ ಮುಚ್ಚಳ ಮುಚ್ಚಿಬಿಟ್ಟರು.

*

ಬರ್ತಾ ಟೀಚರ್ ಶಾಲೆಯಲ್ಲಿದ್ದ ಕಾಲದಲ್ಲಿ ಮಳೆ ಬಂದರೆ ಮಕ್ಕಳಿಗೆ ಹಬ್ಬ. ಹೊರಗೆ ಬಿಡಲಾಗದ ಆಟದ ಬಿಡುವಿನಲ್ಲಿ ಬೆಂಚುಗಳನ್ನು ಗೋಡೆಗೆ ಸರಿಸಿ, ನೆಲದಲ್ಲಿ ಐದು ಮಣೆ ಇಡುವರು. ನಿಯಮ ಒಂದೇ: ಆ ವಾರ ಯಾರೊಡನೆ ಮಾತಾಡಿಲ್ಲವೋ ಅವರೊಡನೆಯೇ ಆಡಬೇಕು. ತುಳುನಾಡಿನ ಪದ್ಧತಿಯಂತೆ ಜಡಿಮಳೆಯ ಆಟಿ ತಿಂಗಳು ಕಳೆದ ಮೇಲೆ ಮಣೆ ಅಟ್ಟ ಸೇರಬೇಕು, ಮತ್ತೆ ಆಡಬಾರದು ಎಂದು ತಾಯಂದಿರು ಬಂದು ಗದರಿದರೆ, ಮಳೆ ಇರುವಷ್ಟು ದಿನ ನನ್ನ ಕ್ಲಾಸಿನಲ್ಲಿ ಆಟಿಯೇ ಎಂದು ನಕ್ಕುಬಿಡುವರು.

ಅವರು ನಿವೃತ್ತರಾದದ್ದೇ ತಡ, ಆಡಲಿಕ್ಕೆ ಶಾಲೆ ಬೇಕೇ ಎಂದು ನಾಲ್ವರು ಪೋಷಕರು ಮುಖ ಸಿಂಡರಿಸಿದರು. ಮಕ್ಕಳನ್ನು ಬೇರೆ ಶಾಲೆಗೆ ಸೇರಿಸಿಯಾರು ಎಂಬ ಹೆದರಿಕೆಗೆ ಸುಭಾಷಿಣಿ ಮಣೆಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ, ಮಳೆಯ ಬಿಡುವಿನಲ್ಲಿ ಕಾಪಿ ಬರೆಸತೊಡಗಿದರು. ಮಕ್ಕಳು ಆಡುತ್ತಾರಾ ಎಂದು ಬರ್ತಾ ಟೀಚರ್ ಪ್ರತಿ ಮಳೆಗಾಲ ಫೋನಿನಲ್ಲಿ ಕೇಳುವರು. ಗಲಾಟೆಯೋ ಗಲಾಟೆ ಎಂದು ಸುಭಾಷಿಣಿ ಆರು ವರ್ಷ ಸುಳ್ಳು ಹೇಳಿದ್ದರು.

*

"ಸ್ಟೀವನ್, ನಾನು ಅವರಿಗೆ ಸುಳ್ಳು ಹೇಳಿದ್ದೆ. ಈಗ ಯಾರೂ ಆಡುವುದಿಲ್ಲ."

"ಅಕ್ಕನಿಗೆ ಗೊತ್ತಿತ್ತು ಟೀಚರ್. ಅವಳು ಹೋಗುವ ಕಟಪಾಡಿಯ ಬಸ್ಸು ಆಟದ ಬಿಡುವಿನ ಹೊತ್ತಿಗೇ ಶಾಲೆ ಎದುರು ನಿಲ್ತದೆ ಅಲ್ವಾ? ಮಕ್ಕಳ ಒಂದು ಸ್ವರವೂ ಇಲ್ಲ ಮಾರಾಯ ಅಂತ ಬಂದು ಹೇಳ್ತಿದ್ದಳು. ಮತ್ತೆ ಹೋಗಿ ಕಾಯಿ ಹೆಕ್ಕುವುದು."

ಮಳೆ ಇಳಿದ ಕೂಡಲೇ ಪೆಟ್ಟಿಗೆ ಹೊರಲು ತಯಾರಿರಬೇಕೆಂದು ಕರೆ ಬಂದು ಅವನು ಹೋದ. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ಹಾಗಾಯಿತು ಸುಭಾಷಿಣಿಗೆ. ನಾಚಿಕೆಯೂ ಅಳುವೂ ಒಟ್ಟಿಗೇ ಬಂದವು. ಸೆರಗು ಸಿಕ್ಕಿಸಿ ನೆಲಕ್ಕೆ ಕೂತರು. ಒಂದೇ ಮಣೆ ಸಾಲದೆಂದು ಬ್ಯಾಗಿನಿಂದ ಸೀಮೆಸುಣ್ಣ ತೆಗೆದು, ನೆಲದ ಮೇಲೆ ಏಳೇಳು ಸೊನ್ನೆ ಬರೆಸಿ ಕಾಯಿ ಹಂಚಿದರು. ಬರ್ತಾ ಟೀಚರ್ ಅವರ ನಿಯಮ ಹೇಳಿದರು. ಬೆರಳುಗಳು ಒಂದೊಂದೇ ಬಾಯಿಂದ ಇಳಿದವು.

ಎರಡನೆಯ ಕ್ಲಾಸಿನ ಸಮೀಹಾ ಗೋಡೆಗೆ ಒರಗಿ ನಿಂತೇ ಇದ್ದಳು. "ಟೀಚರ್, ಈ ವಾರ ನೀವು ಯಾರ ಹತ್ರ ಮಾತಾಡಲಿಲ್ಲ?"

"ನಿನ್ನ ಹತ್ರ," ಎಂದರು ಸುಭಾಷಿಣಿ. "ಬಾ, ಕೂತ್ಕೋ."

ಮಳೆ ಇಳಿದು ಪೆಟ್ಟಿಗೆ ಸಭಾಂಗಣದ ಬಾಗಿಲಿಗೆ ಬಂದಾಗ ಒಳಗೆ ಗಲಾಟೆಯೋ ಗಲಾಟೆ. ಯಾರೋ ಮಕ್ಕಳನ್ನು ಗದರಿಸಲು ಹೊರಟರು. ಮುಂದೆ ಹೆಗಲು ಕೊಟ್ಟಿದ್ದ ಸ್ಟೀವನ್ ತಲೆಯಾಡಿಸಿ ಬೇಡವೆಂದ. ಪೆಟ್ಟಿಗೆಯನ್ನು ಹೊತ್ತುಕೊಂಡೇ, ಶಾಲೆಯೆದುರು ಬಸ್ಸು ನಿಲ್ಲುವಷ್ಟು ಹೊತ್ತು, ಅಲ್ಲಿಯೇ ನಿಂತ.