ಬಾರೋನೆಗೆ ಎರಡು ಗೇಟು

ನಮ್ಮ ರೊಕ್ಕಾಸ್ಪೆರಾದಲ್ಲಿ ಯಾರದೇ ನಾಯಿ ಕಳೆದುಹೋದರೂ ಸುದ್ದಿ ಮೊದಲು ಬರುವುದು ಬೇಕರಿಗೆ. ಬೇಕರಿ ನನ್ನದು. ಅಸ್ಸುಂತಕ್ಕ ಅವತ್ತು ಬ್ರೆಡ್ಡನ್ನೂ ಕೇಳದೆ ಮೊಬೈಲನ್ನು ನನ್ನ ಮುಂದೆ ಹಿಡಿದಳು.

"ಮೂರು ದಿನ ಆಯ್ತು ಕಣೆ, ಬಾರೋನೆ ಬಂದಿಲ್ಲ. ಸೋಮವಾರ ಕುರಿ ಬೆಟ್ಟಕ್ಕೆ ಹೊಡೀಬೇಕು. ಮೇಲೆ ತೋಳ ಇವೆ, ಅವನಿಲ್ದೆ ಹೆಂಗೆ ಹೋಗ್ಲಿ? ಫೋಟೊ ಹಾಕ್ದೆ, ನೀ ಹೇಳ್ದಂಗೆ ಹ್ಯಾಶ್‌ಟ್ಯಾಗೂ ಹಾಕ್ದೆ. ಒಬ್ರೂ ನೋಡ್ಲಿಲ್ಲ."

"ಅದೆಲ್ಲ ಸುಮ್ನೆ ಶೋಕಿ," ಎಂದ ಅವಳ ಗಂಡ ದೊನಾತೊ, ಬಾಗಿಲಲ್ಲೇ ನಿಂತು.

ಹಾಕಿದ್ದನ್ನು ನೋಡಿದೆ: # ಬಿಳಿ ನಾಯಿ #. ನಗು ತಡೆಯಲಾಗಲಿಲ್ಲ. ನಮ್ಮ ಇಟಾಲಿಯನ್ ಭಾಷೆಯಲ್ಲಿ ಆ # ಗುರುತಿಗೆ 'ಪುಟ್ಟ ಗೇಟು' ಎಂದೇ ಹೆಸರು. ಹುಟ್ಟಿದಾಗಿನಿಂದ ಕುರಿ ಕಾಯ್ದವಳು ಎರಡೂ ತುದಿಗೆ ಗೇಟು ಹಾಕಿದ್ದಳು.

"ಒಂದೇ ಕಡೆ ಹಾಕಿದ್ರೆ ಮಾತು ತಪ್ಪಿಸ್ಕೊಂಡು ಹೋಗಲ್ವಾ?" ಎಂದಳು.

"ಮುಂದೆ ಒಂದೇ ಸಾಕಕ್ಕ. ಆದ್ರೆ ಪದಗಳ ನಡುವೆ ಎಲ್ಲೂ ಸಂದಿ ಬಿಡಬಾರ್ದು. ಸಂದಿ ಬಂತೋ, ಹ್ಯಾಶ್‌ಟ್ಯಾಗ್ ಅಲ್ಲಿಗೇ ಮುಗೀತು. ಅದೂ ಅಲ್ದೆ, ಬಿಳಿ ನಾಯಿ ಅಂದ್ರೆ ಯಾವ್ದು ಅಂತ ಹುಡುಕೋದು? ನಮ್ಮ ಸೀಮೇಲಿ ಕುರಿ ಕಾಯೋ ನಾಯಿ ಎಲ್ಲಾ ಬಿಳೀನೇ."

ನಮ್ಮ ಅಬ್ರುತ್ಸೊ ಸೀಮೆಯವರು ಇಂಥದ್ದಕ್ಕೆ ಹಾಕುವುದನ್ನೇ ಬರೆದೆ: #ಅಬ್ರುತ್ಸೊಕಳೆದನಾಯಿ.

"ಇದನ್ನ ಒತ್ತಿದ್ರೆ, ಇದೇ ಗೇಟು ಹಾಕಿರೋರದ್ದೆಲ್ಲ ಒಟ್ಟಿಗೆ ಕಾಣುತ್ತೆ. ಕಳ್ಕೊಂಡೋರೂ ಇಲ್ಲಿಗೇ ಬರ್ತಾರೆ, ಸಿಕ್ಕೋರೂ ಇಲ್ಲಿಗೇ ಬರ್ತಾರೆ."

"ಮನೆ ವಿಳಾಸಾನೂ ಹಾಕು," ಎಂದ ದೊನಾತೊ. ಅಷ್ಟರಲ್ಲಿ ಅವನೂ ಒಳಗೆ ಬಂದಿದ್ದ.

"ಬೇಡ ಭಾವ. ಇದನ್ನ ಲೋಕವೆಲ್ಲ ನೋಡುತ್ತೆ. ಊರ ಹೆಸರು ಸಾಕು."

ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಯುವಷ್ಟರಲ್ಲಿ ಸಂದೇಶ ಬಂತು. ಕಣಿವೆಯಾಚೆಯ ಕಾನ್ವೆಂಟಿನ ಸಿಸ್ಟರ್ ಒಬ್ಬರು ಬರೆದಿದ್ದರು: "ಹುಲ್ಲಿನ ಲಾರಿ ಹತ್ತಿ ಬಂದ ನಿಮ್ಮ ನಾಯಿ ನಮ್ಮ ಗೇಟಿನಲ್ಲಿ ಕೂತಿದೆ. ನಮ್ಮ ಕೋಳಿಗಳನ್ನು ಕಾಯುತ್ತಿದೆ. ಪಾದ್ರಿಗಳನ್ನೂ ಒಳಗೆ ಬಿಡುತ್ತಿಲ್ಲ. ದಯವಿಟ್ಟು ಬೇಗ ಬನ್ನಿ."

ಅಸ್ಸುಂತಕ್ಕ ಅಳುತ್ತಾ ನಗುತ್ತಾ ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟಳು. ನನಗೂ ಕಣ್ಣು ತುಂಬಿತು. ಸೋಮವಾರ ಬಾರೋನೆಯನ್ನು ಮುಂದಿಟ್ಟುಕೊಂಡೇ ಕುರಿಗಳು ಬೆಟ್ಟ ಹತ್ತಿದವು. ಶೋಕಿ ಎಂದಿದ್ದ ದೊನಾತೊ ಈಗ ನಾಯಿ ಆಕಳಿಸಿದರೂ ಹ್ಯಾಶ್‌ಟ್ಯಾಗ್ ಹಾಕುತ್ತಾನೆ. ಅದಕ್ಕೆ ನನ್ನಲ್ಲಿ ಮದ್ದಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಗೇಟು ಮುಂದೆ ಒಂದೇ ಇರಲಿ, ನಡುವೆ ಸಂದಿ ಬಿಡಬೇಡಿ, ಮನೆ ವಿಳಾಸ ಹಾಕಲೇಬೇಡಿ. ನಿಮ್ಮದೇನೂ ಕಳೆಯದಿದ್ದರೂ ಇವತ್ತೊಮ್ಮೆ ನಿಮ್ಮೂರಿನ ಹ್ಯಾಶ್‌ಟ್ಯಾಗ್ ಒತ್ತಿ ನೋಡಿ. ಬಾರೋನೆ ಮನೆಗೆ ಬಂದದ್ದು ನಾವು ಬರೆದದ್ದರಿಂದ ಮಾತ್ರ ಅಲ್ಲ, ಆ ಸಿಸ್ಟರ್ ಒತ್ತಿ ನೋಡಿದ್ದರಿಂದಲೂ.