ಅಪ್ಪನ ಮಷೀನಿನ ಇಪ್ಪತ್ತೆರಡು ಭಾಗಗಳು

ಬೆಲೆ ಕಟ್ಟುವವರು ಬುಧವಾರ ಬರುತ್ತಾರೆ ಎಂದು ಅಕ್ಕ ಹೇಳಿದಾಗ ಎಣ್ಣೆ ಮಾಮನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಜಾರಿ ಕಾಲ ಮೇಲೆ ಬಿತ್ತು. ಜೀವ ಹೋಗುವಷ್ಟು ನೋವಾದರೂ ಅವನು ಕೂಗಲಿಲ್ಲ. ಕೂಗಿದರೆ ಅಕ್ಕ ತಿರುಗಿ ನೋಡುತ್ತಿದ್ದಳು, ನೋಡಿದರೆ ಅವನ ಮುಖ ಕಾಣುತ್ತಿತ್ತು, ಮುಖ ಕಂಡರೆ ಅಲ್ಲಿಗೆ ಮುಗಿಯಿತು. ಅರವತ್ತೆರಡು ವರ್ಷಗಳಿಂದ ಆ ಮುಖವನ್ನು ಓದುತ್ತ ಬಂದವಳು ಅವಳು. ಅದೊಂದನ್ನು ಓದಲು ಅವಳಿಗೆ ಕನ್ನಡಕ ಬೇಕಾಗಿರಲಿಲ್ಲ.

"ಯಾವುದಕ್ಕೆ ಬೆಲೆ ಕಟ್ಟೋದು?" ಎಂದು ಕೇಳಿದ.

"ಅಪ್ಪನ ಮಷೀನಿಗೆ ಕಣೋ. ಮತ್ತೇನು ನಿನಗೆ ಕಟ್ಟಿಸ್ಲಾ? ನಿನ್ನನ್ನ ಗುಜರಿಯವನೂ ತಗೊಳ್ಳಲ್ಲ. ಈ ಸಾಹೇಬರು ಹಳೇ ಟೈಪ್‌ರೈಟರ್ ಕೂಡಿಸೋರಂತೆ. ಒಂದು ಮನೆ ತುಂಬ ಇಟ್ಟಿದ್ದಾರಂತೆ, ಜನ ಬಂದು ನೋಡ್ಕೊಂಡು ಹೋಗ್ತಾರಂತೆ. ಅಪ್ಪಂದು ಅದರ ಕಂಪನಿ ಮಾಡಿದ ಮೊದಲನೇ ಮಾದರಿ. ಅದು ಅವರ ಹತ್ರ ಇಲ್ವಂತೆ. ಒಳಗಿನ ಒಂದು ಭಾಗವೂ ಬದಲಾಗಿರಬಾರದು ಅಂದ್ರು. ನಾನು ಎದೆ ತಟ್ಕೊಂಡು ಹೇಳ್ದೆ, ಸ್ಕ್ರೂ ಕೂಡ ಬಿಚ್ಚಿಲ್ಲ, ನನ್ನ ತಮ್ಮ ಅಪ್ಪನ ಮೇಲೆ ಆಣೆ ಮಾಡಿದ್ದಾನೆ ಅಂತ."

ಎಣ್ಣೆ ಮಾಮ ಬಗ್ಗಿ ಸ್ಕ್ರೂಡ್ರೈವರ್ ಎತ್ತಿಕೊಂಡ. ಆಣೆ ಮಾಡಿದ್ದು ನಿಜ. ಮುರಿದದ್ದೂ ಅಷ್ಟೇ ನಿಜ, ಅದೂ ಒಂದು ಸಲವಲ್ಲ, ಇಪ್ಪತ್ತೆರಡು ಸಲ.

ಈಗ ಅವನ ಪರಿಚಯ ಹೇಳಿಬಿಡಬೇಕು. ಅಕ್ಕ ಮೂವತ್ತೈದು ವರ್ಷ ಟೈಪಿಂಗ್ ಶಾಲೆ ನಡೆಸಿದವಳು. ಎರಡನೇ ಮಹಡಿಯ ಉದ್ದನೆಯ ಕೋಣೆ, ಎರಡು ಸಾಲು ಮೇಜು, ಹತ್ತು ಮಷೀನು. ಪಾಠ ಅವಳದು, ರಿಪೇರಿ ತಮ್ಮನದು. ಮೂತಿ ಚೂಪಾದ ಎಣ್ಣೆ ಡಬ್ಬಿ ಸದಾ ಅವನ ಜೇಬಿನಲ್ಲಿರುತ್ತಿದ್ದುದರಿಂದ ಮಕ್ಕಳು ಎಣ್ಣೆ ಮಾಮ ಎಂದು ಹೆಸರಿಟ್ಟರು. ಹೊರಗಿನವರು ಆ ಹೆಸರು ಕೇಳಿ ಬೇರೇನೋ ಅಂದಾಜು ಮಾಡಿ, ಅವನು ಹತ್ತಿರ ಬಂದಾಗ ಮೂಗರಳಿಸಿ ನೋಡುತ್ತಿದ್ದರು. ಬರುತ್ತಿದ್ದದ್ದು ಮಷೀನಿಗೆ ಬಿಡುವ ಎಣ್ಣೆಯ ವಾಸನೆಯೇ.

ಅಪ್ಪ ತೀರಿಕೊಂಡ ಮೇಲೆ ಅವರ ಮಷೀನು ಅಕ್ಕನ ಪಾಲಿಗೆ ಬಂತು. ಅವಳು ಅದನ್ನು ತರಗತಿಯ ಮೂಲೆಯಲ್ಲಿದ್ದ ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಯಾರೂ ಮುಟ್ಟಕೂಡದು, ರಿಪೇರಿಯ ನೆವದಲ್ಲಿ ನೀನಂತೂ ಮುಟ್ಟಲೇಕೂಡದು ಎಂದು ತಮ್ಮನಿಂದ ಆಣೆ ಹಾಕಿಸಿಕೊಂಡಳು. ಮೂರು ವರ್ಷ ಅವನು ಮಾತಿಗೆ ತಪ್ಪಲಿಲ್ಲ. ನಾಲ್ಕನೆಯ ವರ್ಷ, ಪರೀಕ್ಷೆಯ ಹಿಂದಿನ ಮಧ್ಯಾಹ್ನ, ನಾಲ್ಕನೇ ನಂಬರಿನ ಮಷೀನಿನ ದೊಡ್ಡ ಸ್ಪ್ರಿಂಗ್ ಕಿತ್ತುಹೋಯಿತು. ಅಷ್ಟು ಹೊತ್ತಿಗೆ ಆ ಕಂಪನಿಯೇ ಬಾಗಿಲು ಹಾಕಿಕೊಂಡಿತ್ತು. ಬಿಡಿಭಾಗ ಎಲ್ಲಿಂದ ತರುವುದು? ಆ ಮಷೀನಿನ ಹುಡುಗಿ ಕುರ್ಚಿಯಲ್ಲಿ ಕೂತು ಅಳುತ್ತಿದ್ದಳು. ಅವಳನ್ನೂ ಅಕ್ಕನನ್ನೂ ಊಟಕ್ಕೆ ಕಳಿಸಿ ಎಣ್ಣೆ ಮಾಮ ಬೀರುವಿನ ಕಡೆ ನೋಡಿದ. ಹತ್ತು ಮಷೀನೂ ಅಪ್ಪನ ಮಷೀನಿನ ವಂಶದವೇ, ಒಳಗಿನ ಅಂಗಾಂಗ ಒಂದೇ. ಬೀರುವಿನ ಬೀಗವನ್ನು ರಿಪೇರಿ ಮಾಡಿದವನೂ ತಾನೇ ಆದ್ದರಿಂದ ಅದು ಒಂದೇ ಏಟಿಗೆ ತೆರೆದುಕೊಂಡಿತು.

ಎರಡು ದಿನದಲ್ಲಿ ವಾಪಸ್ ಹಾಕಿದರಾಯಿತು ಅಂದುಕೊಂಡಿದ್ದ. ಆ ಎರಡು ದಿನ ಮೂವತ್ತೊಂದು ವರ್ಷವಾಯಿತು. ಅಕ್ಷರದ ಕಡ್ಡಿಗಳು, ಗಂಟೆಯ ನಾಲಿಗೆ, ರಿಬ್ಬನ್ ಎಳೆಯುವ ಹಲ್ಲುಚಕ್ರ, ಕ್ಯಾರೇಜಿನ ಪಟ್ಟಿ ಒಂದೊಂದಾಗಿ ಹೊರಬಂದವು. ಹೊರಗೆ ಥಳುಕು ಒಳಗೆ ಹುಳುಕು ಅನ್ನುತ್ತಾರಲ್ಲ, ಹುಳುಕಾದರೂ ಇದ್ದಿದ್ದರೆ ಏನೋ ಇದೆ ಅನ್ನಬಹುದಿತ್ತು, ಇಲ್ಲಿ ಒಳಗೆ ಬರೀ ಗಾಳಿ. ಅಕ್ಕ ದಿನಾ ಬೆಳಗ್ಗೆ ಅದನ್ನು ಎತ್ತಿ ಒರೆಸಿ ಇಡುತ್ತಿದ್ದಳು. ವರ್ಷದಿಂದ ವರ್ಷಕ್ಕೆ ಅದು ಹಗುರವಾಗುತ್ತಿರುವುದು ಅವಳ ಗಮನಕ್ಕೂ ಬಂದಿತ್ತು. "ವಯಸ್ಸಾದ್ರೂ ನನ್ನ ತೋಳಿನ ಶಕ್ತಿ ನೋಡು," ಎಂದು ಹೆಮ್ಮೆ ಪಡುತ್ತಿದ್ದಳು. ಎಣ್ಣೆ ಮಾಮ ಹೌದಕ್ಕಾ ಎಂದು ತಲೆ ಅಲ್ಲಾಡಿಸುತ್ತಿದ್ದ.

ಈಗ ಶಾಲೆ ಮುಚ್ಚಿ ಒಂದು ತಿಂಗಳಾಗಿತ್ತು. ಕಲಿಯುವವರು ಬರುತ್ತಿರಲಿಲ್ಲ, ಅಕ್ಕನ ಮಂಡಿಗೆ ಮೆಟ್ಟಿಲು ಹತ್ತುವುದೂ ಕಷ್ಟವಾಗಿತ್ತು. ಹಳೆಯ ವಿದ್ಯಾರ್ಥಿಗಳಿಗೆ ಸುದ್ದಿ ಮುಟ್ಟಿ, ನಾನು ಕೂತ ಮಷೀನು ನನಗೆ ಕೊಡಿ ಎಂದು ಒಬ್ಬೊಬ್ಬರೇ ಕೇಳಿದ್ದರು. ಹತ್ತು ಮಷೀನಿಗೂ ಅವಳು ಹತ್ತು ಜನರ ಹೆಸರು ಗೊತ್ತುಮಾಡಿ, ಬಟ್ಟೆ ಹೊದಿಸಿಟ್ಟಿದ್ದಳು. ಅಪ್ಪನ ಮಷೀನು ಮಾತ್ರ ಸಾಹೇಬರ ಸಂಗ್ರಹಕ್ಕೆ.

ಬುಧವಾರಕ್ಕೆ ಐದು ದಿನವಿತ್ತು. ಊಟವಾದ ಮೇಲೆ ಅಕ್ಕ ಎರಡರಿಂದ ನಾಲ್ಕರವರೆಗೆ ಮಲಗುತ್ತಾಳೆ. ಆ ಎರಡು ಗಂಟೆಯಲ್ಲಿ ಎಣ್ಣೆ ಮಾಮ ಕಳ್ಳನಂತೆ ಮಹಡಿ ಹತ್ತಿದ. ಯಾವ ಭಾಗ ಯಾವ ಮಷೀನಿಗೆ ಹೋಯಿತೆಂದು ಅವನು ಎಲ್ಲೂ ಬರೆದಿಟ್ಟಿರಲಿಲ್ಲ, ಬರೆದಿಡುವಂಥ ಕೆಲಸವೇ ಅದು? ಆದರೆ ಬೆರಳಿಗೆ ನೆನಪಿತ್ತು. ಅದೂ ಅಲ್ಲದೆ ಆ ಕಾಲದ ಕಂಪನಿಯವರು ಪ್ರತಿ ಭಾಗದ ಮೇಲೂ ಮಷೀನಿನ ನಂಬರನ್ನು ಸಣ್ಣದಾಗಿ ಒತ್ತಿರುತ್ತಿದ್ದರು. ಅಪ್ಪನ ಮಷೀನಿನದು ನಾನೂರ ಹದಿನೇಳು. ಭೂತಗನ್ನಡಿ ಹಿಡಿದು ಹುಡುಕಿದ. ಮಂಗಳವಾರ ಮಧ್ಯಾಹ್ನ ಇಪ್ಪತ್ತೆರಡನೆಯದೂ ತನ್ನ ಜಾಗ ಸೇರಿದಾಗ ಅವನಿಗೆ ಹೋದ ಜೀವ ಬಂದಂತಾಯಿತು. ಹತ್ತು ಮಷೀನಿನ ಹೊಟ್ಟೆ ಖಾಲಿಯಾದದ್ದು ಕಂಡಿತ್ತು. ಆದರೆ ಬಟ್ಟೆ ಎಳೆದು ಮುಚ್ಚಿದ. ಒಂದು ಗಂಡಾಂತರ ದಾಟಲಿ, ಮುಂದಿನದು ಮುಂದೆ ನೋಡಿಕೊಳ್ಳೋಣ ಎಂಬುದು ಅವನ ಬಾಳಿನ ಸಿದ್ಧಾಂತವೇ ಆಗಿತ್ತು.

ಸಾಹೇಬರು ಹನ್ನೊಂದಕ್ಕೆ ಸರಿಯಾಗಿ ಬಂದರು. ತೆಳ್ಳಗಿನ ಮನುಷ್ಯ, ಮೃದು ಮಾತು. ಚೀಲದಿಂದ ಬಿಳಿ ಕೈಗವಸು ತೆಗೆದು ಹಾಕಿಕೊಂಡು, ಮೊದಲು ಮಷೀನನ್ನು ಮೂಸಿ ನೋಡಿದರು. ಹೊಸ ಬಣ್ಣ ಬಳಿದಿದ್ದರೆ ಮೂಗಿಗೆ ತಿಳಿಯುತ್ತದಂತೆ. ಆಮೇಲೆ ಟಾರ್ಚ್ ಹಿಡಿದು ಒಂದೊಂದು ಭಾಗದ ನಂಬರೂ ಓದಿದರು. ಎಣ್ಣೆ ಮಾಮ ಮನಸ್ಸಿನಲ್ಲೇ ಇಪ್ಪತ್ತೆರಡನ್ನೂ ಎಣಿಸಿದ. ಕೊನೆಗೆ ಹಾಳೆ ಏರಿಸಿ ಎಲ್ಲ ಅಕ್ಷರ ಹೊಡೆದು ನೋಡಿದರು. ಅಕ್ಕ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ದೂರ ನಿಂತಿದ್ದಳು.

"ಅಮ್ಮಾ," ಎಂದರು ಸಾಹೇಬರು, "ಇಪ್ಪತ್ತು ವರ್ಷದಿಂದ ನೋಡ್ತಿದ್ದೀನಿ. ಹುಟ್ಟಿದ ಹಾಗೇ ಉಳಿದಿರೋದು ಇದೊಂದೇ. ಮುಟ್ಟದೇ ಕಾಪಾಡಿದ್ದೀರಲ್ಲ, ಕೈಮುಗಿಯಬೇಕು ನಿಮಗೆ."

"ನನಗಲ್ಲ, ನನ್ನ ತಮ್ಮನಿಗೆ ಮುಗೀರಿ," ಎಂದಳು ಅಕ್ಕ. ಸಾಹೇಬರು ನಿಜವಾಗಿಯೂ ಅವನ ಕಡೆ ತಿರುಗಿ ಕೈಮುಗಿದರು. ಎಣ್ಣೆ ಮಾಮ ಭೂಮಿ ಬಾಯಿಬಿಡಬಾರದೇ ಅಂದುಕೊಂಡ. ಸಾಹೇಬರು ಚೀಟಿಯ ಮೇಲೆ ಒಂದು ಅಂಕಿ ಬರೆದು ಅಕ್ಕನ ಮುಂದಿಟ್ಟರು. ಅವಳು ಕನ್ನಡಕ ಹಾಕಿ ಓದಿದಳು, ತೆಗೆದು ಒರೆಸಿ ಮತ್ತೆ ಹಾಕಿ ಓದಿದಳು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ಒಬ್ಬಳು ನರ್ಸ್ ಬಂದಳು, ನಾಲ್ಕನೇ ನಂಬರಿನ ಮಷೀನಿನವಳು. ಅಂದು ಪರೀಕ್ಷೆಯ ಹಿಂದಿನ ದಿನ ಅಳುತ್ತ ಕೂತಿದ್ದವಳು ಇವಳೇ. ಟೈಪಿಂಗ್ ಪಾಸಾಗಿ ಆಸ್ಪತ್ರೆಯ ಕಚೇರಿಗೆ ಸೇರಿ, ಅಲ್ಲಿಂದ ನರ್ಸಿಂಗ್ ಓದಿದವಳು. ಈಗ ಕೂದಲು ಅರ್ಧ ಬೆಳ್ಳಗಾಗಿತ್ತು.

"ರಜೆ ಸಿಕ್ತು ಟೀಚರ್, ಇವತ್ತೇ ತಗೊಂಡು ಹೋಗ್ತೀನಿ. ಒಂದು ಸಾಲು ಹೊಡೆದು ನೋಡ್ಲಾ?" ಎನ್ನುತ್ತ ಅವಳು ತನ್ನ ಹಳೆಯ ಕುರ್ಚಿಗೆ ನೇರ ಹೋಗಿ ಕೂತು, ಬಟ್ಟೆ ಸರಿಸಿ, ಬೆನ್ನು ನೆಟ್ಟಗೆ ಮಾಡಿ ಬೆರಳಿಟ್ಟಳು. ಒಂದು ಅಕ್ಷರ ಮೇಲೆದ್ದು ಅಲ್ಲೇ ನಿಂತಿತು. ಕ್ಯಾರೇಜ್ ಮಿಸುಕಲಿಲ್ಲ. ಮತ್ತೆ ಒತ್ತಿದಳು, ಒಳಗೆ ಏನೋ ಲೊಟಕ್ಕೆಂದಿತು ಅಷ್ಟೆ.

ಅಕ್ಕ ಪಕ್ಕದ ಮಷೀನಿನ ಬಟ್ಟೆ ತೆಗೆದು ಕೀಲಿ ಒತ್ತಿದಳು. ಅದೂ ಇಲ್ಲ. ಅದರಾಚೆಯದು, ಅದೂ ಇಲ್ಲ. ಹತ್ತನ್ನೂ ಒತ್ತಿ ಮುಗಿಸುವ ಹೊತ್ತಿಗೆ ಅವಳ ಮುಖ ಇಳಿದುಹೋಗಿತ್ತು.

"ಹೋದ ತಿಂಗಳವರೆಗೂ ಓಡ್ತಿದ್ವಲ್ಲೋ. ಏನಾಯ್ತು ಇವಕ್ಕೆ?"

"ವಯಸ್ಸಾಯ್ತಲ್ಲಕ್ಕಾ," ಎಂದ ಎಣ್ಣೆ ಮಾಮ. ಸುಳ್ಳು ಸಲೀಸಾಗಿ ಬಂತು, ಅವನಿಗೇ ಆಶ್ಚರ್ಯವಾಯಿತು.

ಅಕ್ಕ ಕೊನೆಯದಕ್ಕೆ ಬಟ್ಟೆ ಮತ್ತೆ ಹೊದಿಸಿದಳು. "ಹೋಗ್ಲಿ ಬಿಡು. ಜೀವ ಹೋದ ಮಷೀನು ಯಾರ ಮನೆಗೆ ಯಾಕೆ ಭಾರ. ನಾಳೆ ಗುಜರಿಯವನನ್ನ ಕರೆದುಬಿಡು. ಅವು ಸತ್ತೋದ್ವು ಅಂತ ಎಲ್ಲರಿಗೂ ನಾನೇ ಹೇಳ್ತೀನಿ."

ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಎಣ್ಣೆ ಮಾಮ ಪಾರಾಗುತ್ತಿದ್ದ. ಆದರೆ ಅವನನ್ನು ಕಳ್ಳ ಅನ್ನಿ, ಸುಳ್ಳ ಅನ್ನಿ, ಸಹಿಸಿಯಾನು. ಅವನ ಕೈಯಲ್ಲಿ ಮಷೀನು ಸತ್ತಿತು ಅಂದರೆ ಹೇಗೆ ಸಹಿಸಿಯಾನು?

"ಸತ್ತಿಲ್ಲ!" ಎಂದು ಕೂಗಿದ. ಸಾಹೇಬರು ಬೆಚ್ಚಿಬಿದ್ದರು. "ನಾನು ನೋಡ್ಕೊಂಡ ಮಷೀನು ಯಾಕೆ ಸಾಯುತ್ತೆ? ಅರ್ಧ ಗಂಟೆ ಕೊಡು, ಕುದುರೆ ಹಾಗೆ ಓಡಿಸ್ತೀನಿ. ಅವುಗಳ ಕರುಳೆಲ್ಲ ಅಪ್ಪನ ಮಷೀನಿನಲ್ಲಿದೆ, ಅಷ್ಟೆ."

ಹೇಳಿದ ಮೇಲೆ ಹೇಳಿದ್ದೇನೆಂದು ಅವನಿಗೆ ಅರ್ಥವಾಯಿತು. ಇನ್ನು ತಿಪ್ಪೆ ಸಾರಿಸಿ ಉಪಯೋಗವಿರಲಿಲ್ಲ. ಎಲ್ಲವನ್ನೂ ಹೇಳಿದ, ತಲೆ ತಗ್ಗಿಸಿಕೊಂಡು, ಸ್ಪ್ರಿಂಗಿನಿಂದ ಹಿಡಿದು ಹಲ್ಲುಚಕ್ರದವರೆಗೆ.

"ಎಷ್ಟು ಭಾಗ?" ಎಂದಳು ಅಕ್ಕ.

"ಇಪ್ಪತ್ತೆರಡು."

"ಯಾವಾಗಿಂದ?"

"ಇವಳು ಪರೀಕ್ಷೆಗೆ ಕೂತಾಗಿಂದ."

"ಅಯ್ಯೋ, ನನ್ನಿಂದಾನಾ ಮಾಮ?" ಎಂದು ನರ್ಸ್ ಬಾಯಿಗೆ ಕೈ ಅಡ್ಡ ಹಿಡಿದಳು.

ಅಕ್ಕ ಅಪ್ಪನ ಮಷೀನಿನ ಮುಂದೆ ಹೋಗಿ ನಿಂತಳು. ಬೈದುಬಿಟ್ಟರೆ ಸಾಕು ಅನ್ನಿಸಿತು ಎಣ್ಣೆ ಮಾಮನಿಗೆ. ಅಕ್ಕ ಬೈಯದೆ ಸುಮ್ಮನಿದ್ದದ್ದನ್ನು ಅವನು ಹಿಂದೆ ಒಮ್ಮೆ ಮಾತ್ರ ಕಂಡಿದ್ದ, ಅಪ್ಪ ಹೋದ ದಿನ.

"ನಿನಗೆ ಗೊತ್ತೇನೋ," ಎಂದಳು ಕೊನೆಗೆ, "ಅಪ್ಪ ಇದನ್ನ ನನಗೆ ಒಂದು ದಿನ ಮುಟ್ಟೋಕೆ ಬಿಡ್ಲಿಲ್ಲ. ಹೆಣ್ಣುಮಕ್ಕಳ ಕೈ ತಾಗಿದ್ರೆ ಕೆಟ್ಟುಹೋಗುತ್ತೆ ಅಂತಿದ್ರು. ನೀನಿನ್ನೂ ಚಿಕ್ಕವನು. ನಾನು ದಿನಾ ಬಾಗಿಲ ಹತ್ರ ನಿಂತ್ಕೊಂಡು ಅವರ ಬೆರಳು ನೋಡ್ತಿದ್ದೆ. ಕಲಿತದ್ದು ಯಾರದೋ ಮಷೀನಲ್ಲಿ. ಆಮೇಲೆ ಇದು ನನ್ನ ಕೈಗೆ ಬಂತು, ಬಂದ್ರೆ ನಾನೇನು ಮಾಡ್ದೆ? ಅವರ ಹಾಗೇ ಬೀಗ ಹಾಕ್ದೆ. ಒರೆಸಿದ್ದೇ ಬಂತು, ಒಂದಕ್ಷರ ಹೊಡೀಲಿಲ್ಲ. ಧೈರ್ಯ ಆಗ್ಲಿಲ್ಲ ಕಣೋ."

ಅವಳ ಭುಜ ಅಲುಗಿತು. ಅಳುತ್ತಿದ್ದಾಳೆಂದು ನರ್ಸ್ ಎದ್ದು ಬಂದಳು. ನೋಡಿದರೆ ಅಕ್ಕ ನಗುತ್ತಿದ್ದಳು. ಮೊದಮೊದಲು ಒಳಗೊಳಗೇ, ಆಮೇಲೆ ಹೊಟ್ಟೆ ಹಿಡಿದುಕೊಂಡು.

"ನಾನು ಖಾಲಿ ಡಬ್ಬ ಒರೆಸ್ತಾ ಕೂತಿದ್ದೆ. ಈ ಕಳ್ಳ ಅಪ್ಪನ ಮಷೀನನ್ನ ಊರ ಹೆಣ್ಣುಮಕ್ಕಳ ಕೈಗೆಲ್ಲ ಹಂಚಿಬಿಟ್ಟಿದ್ದಾನೆ! ಮೂವತ್ತೊಂದು ವರ್ಷ! ಅಪ್ಪನಿಗೇನಾದ್ರೂ ಗೊತ್ತಾಗಿದ್ದಿದ್ರೆ..." ಮುಂದೆ ಹೇಳಲಾರದೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಗು ನಿಂತ ಮೇಲೆ ತಮ್ಮನ ಕಿವಿ ಹಿಡಿದು ಚೆನ್ನಾಗಿಯೇ ಹಿಂಡಿದಳು. "ಆಣೆ ಮುರಿದಿದ್ದಕ್ಕೆ ಇದು. ಈಗ ಬಿಚ್ಚು."

"ಯಾವುದನ್ನ?"

"ಅಪ್ಪಂದನ್ನ. ಯಾರ್‍ಯಾರಿಗೆ ಏನೇನು ಸೇರಬೇಕೋ ಸೇರಿಸು."

ಸಾಹೇಬರು ಅಡ್ಡ ಬಂದರು. "ಅಮ್ಮಾ, ದುಡುಕಬೇಡಿ. ಇಡಿಯಾಗಿರೋದು ಇನ್ನೆಲ್ಲೂ ಇಲ್ಲ. ಬಿಚ್ಚಿದ್ರೆ ಇದು ಹಳೇ ಕಬ್ಬಿಣ. ಆ ಚೀಟೀಲಿ ಬರೆದ ಮಾತು ನಡೆಯಲ್ಲ."

"ನಿಮ್ಮ ಮಾತು ಸರಿ ಸರ್, ನಿಮ್ಮ ತಪ್ಪೇನಿಲ್ಲ," ಎಂದು ಅಕ್ಕ ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಿರುಗಿಸಿದಳು. "ಮುಟ್ಟದೇ ಇಟ್ಟಿದ್ದಕ್ಕೆ ನೀವು ಬೆಲೆ ಕಟ್ಟಿದ್ರಿ. ಮುಟ್ಟದೇ ಇಟ್ಟಿರಲಿಲ್ಲವಲ್ಲ ನಾವು."

ಸಾಹೇಬರು ಒಂದು ಗಳಿಗೆ ಚೀಟಿ ನೋಡಿದರು, ಒಂದು ಗಳಿಗೆ ಮಷೀನು ನೋಡಿದರು. ಹೆತ್ತ ಮಗುವನ್ನು ಬೋರ್ಡಿಂಗ್ ಶಾಲೆಗೆ ಬಿಟ್ಟುಬಂದವರ ಹಾಗಿತ್ತು ಮುಖ. ಆಮೇಲೆ ಗವಸು ಕಳಚಿ ಜೇಬಿಗೆ ತುರುಕಿದರು. "ಟಾರ್ಚ್ ಆದ್ರೂ ನಾನೇ ಹಿಡೀತೀನಿ," ಎಂದರು.

ಎಣ್ಣೆ ಮಾಮ ಕದ್ದುಮುಚ್ಚದೆ, ಎಲ್ಲರೆದುರು, ಆ ಸ್ಕ್ರೂಗಳನ್ನು ಬಿಚ್ಚಿದ್ದು ಅದೇ ಮೊದಲು. ಹೊರಬಂದ ಪ್ರತಿ ಭಾಗದ ನಂಬರನ್ನು ಸಾಹೇಬರು ಓದುತ್ತಿದ್ದರು, ನರ್ಸ್ ಅದನ್ನು ಬಟ್ಟೆಯಲ್ಲಿ ಒರೆಸಿ ಕೊಡುತ್ತಿದ್ದಳು. ನಾಲ್ಕನೇ ನಂಬರಿನ ದೊಡ್ಡ ಸ್ಪ್ರಿಂಗ್ ಮೊದಲು ಕೂತಿತು. ಕ್ಯಾರೇಜ್ ಠಣ್ಣನೆ ಗಂಟೆ ಹೊಡೆದುಕೊಂಡು ಸರಿಯಿತು.

"ಬಾಮ್ಮ, ಕೂತ್ಕೋ," ಎಂದ ಎಣ್ಣೆ ಮಾಮ ನರ್ಸಿಗೆ.

"ಒಂದ್ನಿಮಿಷ ತಡಿ," ಎಂದಳು ಅಕ್ಕ.

ಮೂವತ್ತೈದು ವರ್ಷ ಆ ಸಾಲುಗಳ ನಡುವೆ ಓಡಾಡಿಕೊಂಡೇ ಪಾಠ ಹೇಳಿದವಳು ಅಂದು ಕುರ್ಚಿ ಎಳೆದುಕೊಂಡು ಕೂತಳು. ಕೂರಲು ಬಂದಿದ್ದ ನರ್ಸ್ ಗೋಡೆಗೆ ಸರಿದು ನಿಂತಳು. ಅಕ್ಕ ಒಂದು ಹಾಳೆ ಏರಿಸಿ ಬೆರಳುಗಳನ್ನು ಕೀಲಿಗಳ ಮೇಲಿಟ್ಟಳು. ಆಮೇಲೆ ಹೊಡೆಯತೊಡಗಿದಳು. ಮೊದಲು ನಿಧಾನ, ಆಮೇಲೆ ಎಣ್ಣೆ ಮಾಮ ಎಂದೂ ಕೇಳದಂಥ ವೇಗದಲ್ಲಿ. ಏನು ಹೊಡೆಯುತ್ತಿದ್ದಾಳೆಂದು ಯಾರೂ ಬಗ್ಗಿ ನೋಡಲಿಲ್ಲ. ಎಣ್ಣೆ ಮಾಮ ಕಣ್ಣೊರೆಸಿಕೊಳ್ಳಲು ಕೈಗೆ ಸಿಕ್ಕ ಬಟ್ಟೆ ಎತ್ತಿಕೊಂಡ. ಅದು ಮಷೀನು ಒರೆಸಿದ ಬಟ್ಟೆ, ಮುಖವೆಲ್ಲ ಮಸಿಯಾಯಿತು.

ಹಾಳೆ ತುದಿ ಮುಟ್ಟಿತು. ಅಕ್ಕ ಅದನ್ನು ಸರ್ರನೆ ಎಳೆದು ಮಡಿಲಲ್ಲಿಟ್ಟುಕೊಂಡು, ತಿರುಗಿ ನೋಡದೆ ಕೈಯನ್ನು ಹಿಂದಕ್ಕೆ ಚಾಚಿದಳು.

"ಇನ್ನೊಂದು ಹಾಳೆ ಕೊಡೋ, ಕಳ್ಳ."