ಬಳೆ ಬಣ್ಣದ ಗೆರೆಗಳು

ಹಸಿರು ಬಾರ್‌ಕೋಡ್ ಎಂಬುದು ಇಲ್ಲವೇ ಇಲ್ಲ, ಮಾವನವರಿಗೆ ಅರಳು ಮರಳು ಎಂದು ಬಳಗದ ವಾಟ್ಸಾಪ್ ಗುಂಪಿನಲ್ಲಿ ಬರೆದವನು ನನ್ನ ಅಳಿಯ ಗುಂಡಪ್ಪ. ಅದರ ಕೆಳಗೆ ನಗುವ ಮುಖ ಅಂಟಿಸಿದವರು ನೀವೆಲ್ಲ. ನಾಚಿಕೆಯಾಗಬೇಕು. ನಿಮ್ಮಲ್ಲಿ ಅರ್ಧ ಜನರ ಲಗ್ನಪತ್ರಿಕೆ ಅಚ್ಚು ಹಾಕಿದವನು ನಾನು. ಯಾರ ಪತ್ರಿಕೆಯಲ್ಲಿ ಸೋದರಮಾವನ ಹೆಸರು ಬಿಟ್ಟುಹೋಗಿ ಮಂಟಪದಲ್ಲೇ ಜಗಳವಾಯಿತು, ಹೇಳಲೇ? ಬೇಡವಲ್ಲ? ಹಾಗಾದರೆ ಬಾಯಿ ಮುಚ್ಚಿಕೊಂಡು ಕೇಳಿ. ನನ್ನ ಬೆರಳು ಜಾರಿ ರೆಕಾರ್ಡಿಂಗು ನಡುವೆ ತುಂಡಾದರೆ ಮುಂದಿನ ತುಂಡು ಒತ್ತಿ.

ಆಗ ಮಹಾಲ್ ಪೇಟೆಯಲ್ಲಿ ನನ್ನ ಪ್ರೆಸ್ಸು ಜೋರಾಗಿ ನಡೆಯುತ್ತಿತ್ತು. ಗದಗಿನಿಂದ ನಾಗಪುರಕ್ಕೆ ಬಂದ ನಮ್ಮಪ್ಪ ಹಾಕಿದ ಪ್ರೆಸ್ಸು ಅದು. ಮದುವೆ ಪತ್ರಿಕೆಯೇ ನಮ್ಮ ಅನ್ನ. ಕೆಂಪು ಶಾಯಿ, ಹಸಿರು ಶಾಯಿ, ಇವೆರಡಿದ್ದರೆ ಮುಗಿಯಿತು. ಕಪ್ಪು ಬೇಕಾಗುತ್ತಿದ್ದುದು ಬಿಲ್ ಪುಸ್ತಕಕ್ಕೆ, ಇಲ್ಲವೇ ಯಾರಾದರೂ ತೀರಿಕೊಂಡಾಗ ಕಳಿಸುವ ಪತ್ರಕ್ಕೆ. ಸಾವಿನ ಪತ್ರವನ್ನು ಓದಿ ಹರಿದು ಹಾಕುತ್ತಾರೆ, ಮನೆಯೊಳಗೆ ಇಟ್ಟುಕೊಳ್ಳುವುದಿಲ್ಲ. ಇದನ್ನು ನೆನಪಿಡಿ, ಕಥೆಯ ಗಂಟು ಇಲ್ಲೇ ಇದೆ.

ನನ್ನ ಅಕ್ಕ ಸಾವಿತ್ರೆವ್ವನ ಮನೆ ಪ್ರೆಸ್ಸಿನ ಹಿಂದಿನ ಗಲ್ಲಿಯಲ್ಲಿ. ಅವಳು ಒಳ್ಳಿನಲ್ಲಿ ಕುಟ್ಟಿ ಮಾಡಿದ ಶೇಂಗಾ ಚಟ್ನಿ ತಿಂದವನು ಮತ್ತೊಬ್ಬರ ಮನೆಯ ಚಟ್ನಿಗೆ ಕೈ ಚಾಚುವುದಿಲ್ಲ. ಅವಳ ಮಗಳು ದಾಕ್ಷಾಯಿಣಿ ಸ್ಕೂಲಿನ ನೌಕರಿ ಬಿಟ್ಟು ಆ ಚಟ್ನಿಯನ್ನು ಮಾರಲು ನಿಂತಳು. ಅಂಗಡಿಗಳಲ್ಲಲ್ಲ, ಇಂಟರ್ನೆಟ್ಟಿನಲ್ಲಿ! ಎರಡು ಸಾವಿರದ ಏಳನೇ ಇಸವಿ. ಇಂಟರ್ನೆಟ್ಟಿನಲ್ಲಿ ಚಟ್ನಿಯೇ ಎಂದು ಓಣಿಯೆಲ್ಲ ನಕ್ಕಿತು. ನಾನು ನಗಲಿಲ್ಲ. ಹುಡುಗಿಗೆ ತಲೆಯಿದೆ ಎಂದು ನನಗೆ ಮೊದಲೇ ಗೊತ್ತಿತ್ತು.

ಮುಂಬೈಯ ಒಂದು ಇಂಟರ್ನೆಟ್ ಅಂಗಡಿ ದೀಪಾವಳಿಗೆ ಚಟ್ನಿ ಕೊಳ್ಳಲು ಒಪ್ಪಿತ್ತು. ಷರತ್ತು ಒಂದೇ. ಪ್ರತಿ ಪ್ಯಾಕೆಟ್ಟಿನ ಮೇಲೆ ಬಾರ್‌ಕೋಡ್ ಇರಬೇಕು, ಅದೂ ಸ್ವಂತದ್ದು. ದಾಕ್ಷಾಯಿಣಿ ದೆಹಲಿಯ ಬಾರ್‌ಕೋಡ್ ಕಚೇರಿಗೆ ಬರೆದು, ಫೀ ಕಟ್ಟಿ, ತನ್ನ ಹೆಸರಿನಲ್ಲೇ ನಂಬರು ತರಿಸಿದಳು. ಸಾಬೂನಿನ ಡಬ್ಬಿಯ ಗೆರೆಗಳನ್ನು ನಕಲು ಮಾಡಿ ಅಂಟಿಸುವವರಿದ್ದರು ಆಗ. ಅವಳು ಅಂಥವಳಲ್ಲ.

ಲೇಬಲ್ ಅಚ್ಚಿಗೆ ನನ್ನ ಬಳಿ ಬಂತು. ಸಾವಿತ್ರೆವ್ವ ಪ್ರೆಸ್ಸಿಗೇ ಬಂದು ನಿಂತಳು.

"ಲೇ ಕೇದಾರಿ, ಈ ಗೆರಿ ಯಾವ ಬಣ್ಣದಾಗ ಹಾಕ್ತಿ?"

"ಎಲ್ಲಾರೂ ಕರೀದ ಹಾಕ್ತಾರ ಅಕ್ಕ."

"ಹೊಸಾ ಮಾಲು ಮೊದಲನೇ ಸಲ ಹೊಸ್ತಿಲಾ ದಾಟತೈತಿ. ಅದಕ್ಕ ಕರಿ ಗೆರಿ ಹಚ್ಚಿ ಕಳಸಾಕ ಯಾರರ ಸತ್ತಾರೇನು? ಕುಂಕುಮದ ಬಣ್ಣದಾಗ ಹಾಕು."

ಅವಳು ಹೇಳಿದ್ದು ನಮ್ಮ ಕಸುಬಿಗೆ ಬರೋಬರ್ ಇತ್ತು. ಲೇಬಲ್ಲಿನ ಹೆಸರು, ಅಂಚು, ಗೆರೆ, ಎಲ್ಲವನ್ನೂ ಕೆಂಪಿನಲ್ಲಿ ಹೊಡೆದೆ. ಏನು ಕಳೆ ಬಂದಿತ್ತು ಅಂತೀರಿ! ಲಗ್ನಪತ್ರಿಕೆಯ ಹಾಗೆ.

ಆ ಕಂಪನಿಯ ನಾಗಪುರದ ಗೋಡೌನು ಊರ ಹೊರಗಿನ ಕಳಮನಾದ ಹತ್ತಿರ. ಮೊದಲ ಸಲ ದಾಕ್ಷಾಯಿಣಿ ಒಬ್ಬಳೇ ಮಾಲು ಒಯ್ದಳು. ಮಾಲು ತೆಗೆದುಕೊಳ್ಳುವವನ ಹೆಸರು ದತ್ತು. ಕೈಯಲ್ಲಿ ಪಿಸ್ತೂಲಿನಂಥ ಯಂತ್ರ, ಒತ್ತಿದರೆ ಕೆಂಪು ಬೆಳಕು ಬರುತ್ತಿತ್ತು. ಬೇರೆಯವರ ಡಬ್ಬಿಗೆ ಹಿಡಿದರೆ ಕುಂಯ್ ಅನ್ನುತ್ತಿತ್ತು. ನಮ್ಮ ಪ್ಯಾಕೆಟ್ಟಿಗೆ ಹಿಡಿದ. ಸದ್ದಿಲ್ಲ. ಒರೆಸಿ ಹಿಡಿದ, ತಿರುಗಿಸಿ ಹಿಡಿದ. ಮೂಕ.

"ಮ್ಯಾಡಮ್, ಯೇ ತೋ ಪಢ್‌ತಾಚ್ ನಹೀ," ಅಂದ. ಮಶೀನು ಓದದ ಮಾಲು ಅವನ ಲೆಕ್ಕದಲ್ಲಿ ಹುಟ್ಟಿಯೇ ಇಲ್ಲ.

ದಾಕ್ಷಾಯಿಣಿ ಗಾಬರಿಯಾಗಲಿಲ್ಲ. ಅವಳ ಹತ್ತಿರ ಲೇಬಲ್ಲಿನ ಝೆರಾಕ್ಸ್ ಇತ್ತು, ಝೆರಾಕ್ಸ್ ಅಂದರೆ ಕಪ್ಪು. "ಇದಕ್ಕೆ ಹಿಡಿದು ನೋಡಿ," ಅಂದಳು. ಕುಂಯ್! ಅಲ್ಲಿಗೆ ನಂಬರು ಸರಿ, ಬಣ್ಣವೇ ತಪ್ಪು ಎಂದಾಯಿತು. ದತ್ತು ಕೈ ಮುಗಿದ. ಶನಿವಾರದೊಳಗೆ ಗೆರೆ ಕಪ್ಪು ಮಾಡಿಸಿ ತನ್ನಿ, ಇಲ್ಲದಿದ್ದರೆ ದೀಪಾವಳಿಗೆ ನಿಮ್ಮ ಜಾಗ ಬೇರೆಯವರಿಗೆ ಹೋಗುತ್ತದೆ ಅಂದ.

ಸಂಜೆ ಅಕ್ಕನ ಮನೆಯಲ್ಲಿ ತಾಯಿಗೂ ಮಗಳಿಗೂ ಹತ್ತಿಕೊಂಡಿತು.

"ಯವ್ವಾ, ನೌಕರಿ ಬಿಟ್ಟೇನಿ. ಇದೂ ಹೋತಂದ್ರ ಓಣ್ಯಾಗ ತಲಿ ಎತ್ತಿ ಹೆಂಗ ತಿರಗಲಿ?"

"ತಲಿ ಎತ್ತಾಕ ಕರಿ ಗೆರಿನ ಬೇಕೇನು? ಹಚ್ಚಿಸಿದಿ ಅಂದ್ರ ನಾ ಒಳ್ಳು ಮುಟ್ಟಂಗಿಲ್ಲ. ನೀನ ಕುಟ್ಟು."

ಅವಳ ಕೈಯಿಲ್ಲದೆ ಆ ಚಟ್ನಿಯಿಲ್ಲ. ಕಪ್ಪು ಗೆರೆಯಿಲ್ಲದೆ ಗಿರಾಕಿಯಿಲ್ಲ. ಹುಡುಗಿ ನಡುವೆ ಸಿಕ್ಕಿಕೊಂಡಳು.

ಮರುದಿನ ಅವಳು ಮೆಲ್ಲಗೆ ಪ್ರೆಸ್ಸಿಗೆ ಬಂದಳು. "ಮಾಮಾ, ಅವ್ವಗ ಆಮ್ಯಾಲೆ ನಾ ಹೇಳ್ತೇನಿ. ನೀವು ಕರೀದ ಹೊಡೀರಿ." ಕೆಂಪು ಲೇಬಲ್ಲಿನ ಮೇಲೆಯೇ ಕಪ್ಪು ಗೆರೆ ಹೊಡೆಯಲು, ಗೆರೆಗಳದ್ದಷ್ಟೇ ಬೇರೆ ಫಿಲ್ಮ್ ತೆಗೆಯಬೇಕಿತ್ತು. ನಾನು ಡಾರ್ಕ್‌ರೂಮಿಗೆ ಹೋದೆ. ಆ ಕೋಣೆಯಲ್ಲಿ ಕೆಂಪು ಬಲ್ಬು ಮಾತ್ರ ಇರುತ್ತದೆ. ಬೇರೆ ಬೆಳಕು ಬಿದ್ದರೆ ಫಿಲ್ಮ್ ಹಾಳು.

ಯಾವನು ಚಾಡಿ ಹೇಳಿದನೋ, ಧಡಾರ್ ಎಂದು ಬಾಗಿಲು ತೆರೆಯಿತು.

"ಕಳ್ಳರಾ! ಮಾಮಾ ಸೊಸಿ ಕೂಡಿ ಕತ್ತಲಾಗ ಕರೀದ ಮಾಡಾಕ ಹತ್ತೀರಿ?"

"ಬಾಗಲಾ ಹಾಕಬೇ ಅಕ್ಕ! ಫಿಲ್ಮ್ ಸತ್ತು ಹೋತು!"

ಅವಳು ಒಳಗೆ ಬಂದು ಬಾಗಿಲು ಹಾಕಿದಳು. ಇನ್ನೇನು ನನ್ನ ಏಳು ತಲೆಮಾರು ತೊಳೆಯಬೇಕು, ಅಷ್ಟರಲ್ಲಿ ದಾಕ್ಷಾಯಿಣಿ ಕಿರುಚಿದಳು.

"ಯವ್ವಾ! ನಿನ್ನ ಕುಂಕುಮ ಎಲ್ಲಿ?"

ಅಕ್ಕ ಹಣೆ ಮುಟ್ಟಿ ನೋಡಿದಳು. ರೂಪಾಯಿ ಅಗಲದ ಕುಂಕುಮ ಇಡುವ ಹೆಂಗಸು, ಹಣೆ ಬೋಳು! ಕೈ ನೋಡಿಕೊಂಡಳು. ಮೊಳಕೈವರೆಗಿನ ಹಸಿರು ಬಳೆಗಳೆಲ್ಲ ಕರ್ರಗೆ. "ಅಯ್ಯ ಶಿವನ! ನಮ್ಮ ಮನಿಯವರು ಅರಾಮ ಅದಾರೋ ಇಲ್ಲೋ!" ಎಂದು ಗೋಡೆ ಹಿಡಿದುಕೊಂಡಳು.

ನನಗೆ ನಗು. ಎಷ್ಟೋ ವರ್ಷ ಆ ಕೋಣೆಯಲ್ಲಿ ಕಳೆದವನಿಗೆ ಇದೇನು ಹೊಸದೇ? ಕೆಂಪು ಬೆಳಕಿನಲ್ಲಿ ಕೆಂಪು ಬಣ್ಣ ಮಾಯ, ಹಸಿರು ಕಪ್ಪು. ನಗುತ್ತಲೇ ನಮ್ಮ ಕೆಂಪು ಲೇಬಲ್ಲೊಂದನ್ನು ಎತ್ತಿ ಬಲ್ಬಿಗೆ ಹಿಡಿದೆ. ಹೆಸರಿಲ್ಲ, ಗೆರೆಯಿಲ್ಲ, ಬಿಳೀ ಹಾಳೆ. ಆಗ ನನ್ನ ನಗು ನಿಂತಿತು.

"ದಾಕ್ಷಿ, ದತ್ತೂನ ಪಿಸ್ತೂಲಿನಾಗ ಎಂಥಾ ಬೆಳಕು?"

"ಕೆಂಪು, ಮಾಮಾ." ಹುಡುಗಿ ಜಾಣೆ. ಅವ್ವನ ಕೈ ಎಳೆದು ಬಳೆಗಳನ್ನು ಬಲ್ಬಿನ ಕೆಳಗೆ ಹಿಡಿದಳು. "ಅಂದ್ರ ಆ ಮಶೀನಿಗೂ ಹಿಂಗ ಕಾಣತೈತಿ. ನಮ್ಮ ಕೆಂಪು ಅದಕ್ಕ ಖಾಲಿ. ಇದು... ಇದು ಅದಕ್ಕ ಕರೀದು."

ಅಕ್ಕ ಕೈ ಬಿಡಿಸಿಕೊಂಡು ಹೊರಗೆ ಓಡಿದಳು. ಕನ್ನಡಿ ನೋಡಿಕೊಂಡಳು. ಕುಂಕುಮ ಇದ್ದಲ್ಲೇ ಇತ್ತು. ಸೆರಗು ಸರಿಮಾಡಿಕೊಂಡು, ಏನೂ ಆಗದವಳ ಹಾಗೆ ತೀರ್ಪು ಕೊಟ್ಟಳು:

"ಮತ್ತ ನನ್ನ ಮಾರಿ ಏನ್ ನೋಡ್ತೀರಿ? ಬಳಿ ಬಣ್ಣದಾಗ ಹಾಕ್ರಿ. ಹಸರಿಗೆ ನಾ ಯಾವಾಗರ ಬ್ಯಾಡಂದೇನೇನು?"

ಹಸಿರು ಶಾಯಿಗೆ ನಮ್ಮಲ್ಲಿ ಬರವೇ? ಲೇಬಲ್ ಒಂದನ್ನೂ ಎಸೆಯಲಿಲ್ಲ. ಕೆಂಪು ಗೆರೆಗಳ ಮೇಲೆಯೇ ದಟ್ಟ ಹಸಿರು ಗೆರೆ ಹೊಡೆದೆ. ಗೆರೆ ಕೂದಲೆಳೆಯಷ್ಟು ಅತ್ತಿತ್ತ ಸರಿದರೇನು, ಕೆಳಗಿನ ಕೆಂಪು ಮಶೀನಿಗೆ ಕಾಣುವುದೇ ಇಲ್ಲವಲ್ಲ! ಮನುಷ್ಯರ ಕಣ್ಣಿಗೆ ಮಾತ್ರ ಕಲಸುಮೇಲೋಗರ, ನೋಡಿದರೆ ತಲೆ ತಿರುಗಬೇಕು.

ಶನಿವಾರ ಮೂವರೂ ಆಟೋ ಹತ್ತಿ ಕಳಮನಾಕ್ಕೆ ಹೋದೆವು. ಡಬ್ಬ ಅಕ್ಕನ ತೊಡೆಯ ಮೇಲೆ. ದತ್ತು ಪ್ಯಾಕೆಟ್ ನೋಡಿದವನೇ ಹೊಟ್ಟೆ ಹಿಡಿದು ನಕ್ಕ. "ಅರೇ ಕಾಕಾ, ಹೋಳಿ ಖೇಲಾ ಕ್ಯಾ?"

"ಹಲ್ಲು ಆಮೇಲೆ ತೋರಿಸು, ಮೊದಲು ಒತ್ತು," ಎಂದು ಅವನದೇ ಹಿಂದಿಯಲ್ಲಿ ಗದರಿದೆ. ದಾಕ್ಷಾಯಿಣಿಯ ಕಣ್ಣು ಪಿಸ್ತೂಲಿನ ಮೇಲೆಯೇ ನೆಟ್ಟಿತ್ತು.

ಕುಂಯ್!

ಇನ್ನೊಂದು ಪ್ಯಾಕೆಟ್. ಕುಂಯ್! ದತ್ತುವಿನ ನಗು ಅಲ್ಲೇ ಒಣಗಿತು. ಡಬ್ಬವಿಡೀ ಓದಿಸಿ ರಸೀದಿ ಹರಿದು ಕೊಟ್ಟ. ದಾಕ್ಷಾಯಿಣಿ ಅದನ್ನು ಮಡಚುತ್ತ ಮಡಚುತ್ತ ಅತ್ತುಬಿಟ್ಟಳು. ಅಕ್ಕ ಅವಳ ಕಡೆ ನೋಡಲೇ ಇಲ್ಲ. ದತ್ತುವಿನ ಮುಂದೆ ತನ್ನ ಬಳೆಗೈ ಚಾಚಿ, "ಇದಕ್ಕೂ ಒಮ್ಮೆ ಹಿಡಿಯೋ ತಮ್ಮಾ, ಏನಂತೈತಿ ನೋಡೋಣು," ಅಂದಳು. ಬಳೆ ಏನೂ ಅನ್ನಲಿಲ್ಲ. ನಾವು ಮಾತ್ರ ಮನೆ ಮುಟ್ಟುವ ತನಕ ನಕ್ಕೆವು.

ಆ ದೀಪಾವಳಿಗೆ ಚಟ್ನಿ ಉಳಿಯಲಿಲ್ಲ. ಓಣಿಯವರು ಕೇಳಿದರೆ, "ಇಂಟರ್ನೆಟ್ಟಿನಾಗ ತರಿಸಿಕೊಳ್ರಿ," ಎಂದಳು ಸಾವಿತ್ರೆವ್ವ.

ಕೇಳಿದೆಯಾ ಗುಂಡಪ್ಪಾ? ನಂಬಿಕೆ ಬರದಿದ್ದರೆ ಕೆಂಪು ಬಲ್ಬು ಹಾಕಿಕೊಂಡು ಹೆಂಡತಿಯ ಹಣೆ ನೋಡು. ಉಳಿದವರು ಒಂದು ಉಪಕಾರ ಮಾಡಿ. ನಿಮ್ಮ ಪರಿಚಯದಲ್ಲಿ ಯಾರ ಮನೆಯಲ್ಲಾದರೂ ಹಪ್ಪಳವೋ ಉಪ್ಪಿನಕಾಯಿಯೋ ಮಾಡಿ ಮಾರಲು ಹೊರಟಿದ್ದರೆ, ಮತ್ತು ಅವರ ತಾಯಿ ಕಪ್ಪು ಗೆರೆ ಬೇಡ ಎಂದು ಹಟ ಹಿಡಿದಿದ್ದರೆ, ಮುದುಕಿಯ ಜೊತೆ ಜಗಳ ಆಡಬೇಡಿ ಎನ್ನಿ. ನನ್ನ ಈ ಮಾತನ್ನು ಅವರಿಗೆ ಕಳಿಸಿಕೊಡಿ.